ಬಾಲ ಹೊರಗಿರುವ ಗಾಡಿ

ಕಾಲುಗಳು, ಬರೀ ಕಾಲುಗಳು, ವ್ಯಾಗನ್ನಿನ ಎರಡು ಚಕ್ರಗಳ ನಡುವಿನ ಸಂದಿಯಲ್ಲಿ ಆಚೆ ಬದಿಯ ರಸ್ತೆ ಒಂದಿಷ್ಟೇ ಕಾಣುತ್ತದೆ, ಅಷ್ಟರಲ್ಲೇ ಒಂದು ಸೈಕಲ್ ಟೈರು, ಕೆಸರು ಮೆತ್ತಿದ ಹವಾಯಿ ಚಪ್ಪಲಿ, ನಾಯಿಯ ಕಾಲು — ಮುಖವಿಲ್ಲದ ಜನ ಎಷ್ಟು ಚೆನ್ನ, ಮುಖವಿಲ್ಲದಿದ್ದರೆ ಬಾಯಿಯಿಲ್ಲ, ಬಾಯಿಯಿಲ್ಲದಿದ್ದರೆ ದೂರಿಲ್ಲ ಎಂದುಕೊಂಡ ಅವನು, ಸರಕು ರೈಲು ಕಂಪನಿಯ ಸಂಚಾರ ವಿಭಾಗದ ದೊಡ್ಡ ಸಾಹೇಬ, ಕಾರಿನ ಹಿಂದಿನ ಸೀಟಿನಲ್ಲಿ ಕೂತು, ತನ್ನದೇ ಗೂಡ್ಸ್ ಗಾಡಿ ಗೇಟಿಗೆ ಅಡ್ಡ ನಿಂತು ರಸ್ತೆ ಕಟ್ಟಿಹಾಕಿರುವಾಗ. ಗೇಟಿನಾಚೆ, ಕೂಗಿದರೆ ಕೇಳುವಷ್ಟು ಹತ್ತಿರ, ಪ್ಯಾಸೆಂಜರ್ ಗಾಡಿಗಳ ಸ್ಟೇಷನ್ನು, ಅಲ್ಲಿ ಅಕ್ಕ, ಫೋನಿನಲ್ಲಿ ಹೇಳಿದ್ದಳು. ಗಾಡಿ ನಿಮ್ಮೂರಲ್ಲಿ ಸ್ವಲ್ಪ ಹೊತ್ತು ನಿಲ್ಲತ್ತೆ ಕಣೋ ಗುಂಡ, ನೀನು ಬಂದು ಪೆಟ್ಟಿಗೆ ಇಳಿಸ್ಕೊಂಡ್ರೆ ನಿನ್ ಮನೇಲಿ ಇರ್ತೀನಿ, ಬರ್ಲಿಲ್ವಾ, ಮುಂದಕ್ಕೆ ಗೆಳತಿ ಮನೆಗೆ ಹೋಗ್ಬಿಡ್ತೀನಿ, ಆಮೇಲೆ ಕರೀಬೇಡ, ನಾನು ಬರಲ್ಲ. ಅಕ್ಕ ಹಾಗೇ, ದರ್ಜಿ ಹೆಂಗಸು, ಕತ್ತರಿ ಆಡಿಸಿದಳೆಂದರೆ ಆಯಿತು, ಮತ್ತೆ ಕೂಡಿಸುವ ಮಾತಿಲ್ಲ. ಅಮ್ಮ ಹೋದ ಮೇಲೆ ಅದೇ ಕತ್ತರಿಯಲ್ಲಿ ಅವನನ್ನು ಓದಿಸಿದವಳು, ಮದುವೆ ಗಿದುವೆ ಎಂದರೆ ಮೊದ್ಲು ಇವನೊಂದು ದಡ ಸೇರ್ಲಿ ಎಂದವಳು. ಅವನು ದಡ ಸೇರಿ ಎಷ್ಟೋ ಕಾಲವಾಯಿತು.

ಇನ್ನೂ ಹೊತ್ತಾಗ್ಬಹುದು ಸಾರ್, ಎಂದ ಕಾರಿನ ಡ್ರೈವರ್, ಕಡ್ಡಿಯಲ್ಲಿ ಕಿವಿ ಕೆರೆಯುತ್ತ, ಎಲ್ಲ ಕೆಳಗಡೆ ನುಗ್ಕೊಂಡು ಹೋಗ್ತಿದ್ದಾರೆ ನೋಡಿ — ಹೋಗುತ್ತಾರೆ, ಯಾಕೆ ಹೋಗುವುದಿಲ್ಲ, ಹೆಗ್ಗಣಗಳ ಜಾತಿ, ಗೇಟಿನ ಪಕ್ಕದಲ್ಲೇ ಅವನು ಹಾಕಿಸಿದ ಬೋರ್ಡು, ಗಾಡಿಯ ಕೆಳಗೆ ನುಗ್ಗುವುದು ಅಪರಾಧ, ನೌಕರರು ನುಗ್ಗಿದರೆ ಕೆಲಸದಿಂದ ವಜಾ, ಆ ಬೋರ್ಡಿಗೇ ಒಬ್ಬ ಸೈಕಲ್ ಒರಗಿಸಿ ನುಗ್ಗಿದ. ಇಲ್ಲೊಂದು ಮೇಲ್ಸೇತುವೆ ಕಟ್ಟಿ ಎಂದು ಊರಿನವರು ಬಂದಿದ್ದರು, ಹತ್ತೋಕೆ ನಿಮ್ಮಲ್ಲಿ ಯಾರಿಗ್ರೀ ಮಂಡಿ ಸರಿಯಾಗಿದೆ ಎಂದು ನಗಾಡಿ ಕಳಿಸಿದ್ದ, ಅವರೂ ಹಲ್ಲು ಕಿರಿದು ಹೋಗಿದ್ದರು, ಬೆನ್ನುಮೂಳೆ ಇಲ್ಲದ ಮಂದಿ. ಫೋನ್ ತೆಗೆದು ಕಂಟ್ರೋಲ್ ರೂಮಿಗೆ ಹಚ್ಚಿದ. ಏನಯ್ಯಾ, ಗೇಟಿನ ಮೇಲೆ ಗಾಡಿ ನಿಲ್ಲಿಸ್ಕೊಂಡು ಕತ್ತೆ ಕಾಯ್ತಿದ್ದೀಯಾ. ಯಾರ್ಡಲ್ಲಿ ಒಂದು ಹಳೀನೂ ಖಾಲಿ ಇಲ್ಲ ಸಾರ್, ತಲೆ ಒಳಗೆ ಹೋಯ್ತು, ಬಾಲ ಹೊರಗುಳೀತು. ಮುಂದೆ ಇರೋದನ್ನ ಹೊರಡಿಸು. ಇಂಜಿನ್ ಇದೆ ಸಾರ್, ಡ್ರೈವರ್ ಇಲ್ಲ, ಹಳಬನ ಡ್ಯೂಟಿ ಮುಗೀತು, ಬದಲಿ ಡ್ರೈವರ್ ಜೀಪಲ್ಲಿ ಬರ್ತಿದ್ದಾನೆ. ಎಲ್ಲಿ ಸತ್ತಿದೆ ಜೀಪು. ಕಂಟ್ರೋಲಿನವನು ಗಂಟಲು ಸರಿಮಾಡಿಕೊಂಡ. ಗೇಟ್ ಹತ್ರ ಸಿಕ್ಕಾಕ್ಕೊಂಡಿದೆ ಸಾರ್, ಯಾವುದೋ ಗೂಡ್ಸ್ ಅಡ್ಡ ನಿಂತಿದೆಯಂತೆ.

ಹಿಂದಿನ ಗಾಜಿನಲ್ಲಿ ನೋಡಿದ, ಹೌದು, ಕಂಪನಿಯ ಜೀಪು, ಒಳಗೆ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಆಕಳಿಸುತ್ತಿರುವ ಬದಲಿ ಡ್ರೈವರ್ — ಆ ಗಾಡಿ ಹೊರಟರೆ ಈ ಗಾಡಿ ಸರಿಯುತ್ತದೆ, ಈ ಗಾಡಿ ಸರಿದರೆ ಅವನು ಆ ಗಾಡಿ ಹತ್ತುತ್ತಾನೆ, ಆಹಾ, ಎಂಥ ವ್ಯವಸ್ಥೆ, ಯಾವ ಮುಠ್ಠಾಳ ಮಾಡಿದನಪ್ಪಾ ಇದನ್ನ — ಆ ಯೋಚನೆಯನ್ನು ಅಲ್ಲಿಗೇ ಬಿಟ್ಟು ಗಿರಾಕಿಗಳ ಮೇಲೆ ಹರಿಹಾಯ್ದ, ಅದು ಸುಲಭ. ಸಿಮೆಂಟಿನವನು, ಕಬ್ಬಿಣದವನು, ಆ ಹಿಟ್ಟಿನ ಗಿರಣಿಯವಳು, ಎಲ್ಲರಿಗೂ ಅಗ್ಗದ ಸಾಗಣೆ ಬೇಕು, ಎಲ್ಲರಿಗೂ ಇವತ್ತೇ ಬೇಕು. ಬನ್ನಿ ಬನ್ನಿ ಎಂದವನು ಅವನೇ, ಇಲ್ಲ ಎಂಬ ಮಾತು ನಮ್ಮ ಕಂಪನಿಯಲ್ಲಿ ಇಲ್ಲ ಎಂದು ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸಿದವನು, ವರ್ಷವರ್ಷವೂ ಸರಕು ಏರಿತು, ಗಾಡಿಗಳು ಉದ್ದವಾದವು, ಖಾಲಿ ಬಿದ್ದಿದ್ದ ಹಳಿಗಳನ್ನು ಕಿತ್ತು ಆ ಜಾಗದಲ್ಲಿ ಗೋದಾಮು ಎದ್ದಿತು, ಕೂತು ಉಣ್ಣುವ ಡ್ರೈವರುಗಳಿಗೆ ಮನೆ ದಾರಿ ತೋರಿಸಿದ್ದಾಯಿತು, ಖಾಲಿ ಹಳಿ ದಂಡ, ಖಾಲಿ ಕೂತ ಮನುಷ್ಯ ಇನ್ನೂ ದಂಡ. ಉದ್ದ ಗಾಡಿ ಯಾರ್ಡೊಳಗೆ ಹಿಡಿಸಲ್ಲ ಸಾರ್ ಎಂದು ಯಾರ್ಡ್ ಮಾಸ್ತರ ತಲೆ ಕೆರೆದುಕೊಂಡಾಗ, ಬಾಲ ಬಿಚ್ಚಬೇಡ್ರೀ, ಎಂದಿದ್ದ, ಇಡೀ ಕೋಣೆ ಗೊಳ್ಳೆಂದು ನಕ್ಕಿತ್ತು, ಯಾರ್ಡ್ ಮಾಸ್ತರ ಬಾಲ ಮುದುರಿಕೊಂಡು ಕೂತ. ಈಗ ಬಾಲ ಇಲ್ಲಿದೆ, ಕಣ್ಣೆದುರು, ತುಕ್ಕು ಬಣ್ಣದ್ದು. ನನ್ನ ಗೋಧಿ ನಡ್ಕೊಂಡು ಬಂದಿದ್ರೂ ಇಷ್ಟೊತ್ತಿಗೆ ತಲುಪ್ತಿತ್ತು ಅಂದಳಲ್ಲ ಗಿರಣಿಯವಳು, ಅವಳಿಗೆ ಹೊಟ್ಟೆಕಿಚ್ಚು. ಬೆಳೆಯೋ ಮಗುಗೆ ಬಟ್ಟೆ ಬಿಗಿಯಾಗೋದು ಸಹಜ ಅಲ್ವಾ ಎಂದು ಪತ್ರಿಕೆಯವರಿಗೆ ಹೇಳಿದ್ದ, ಒಳ್ಳೆ ಮಾತು, ದಪ್ಪಕ್ಷರದಲ್ಲಿ ಹಾಕಿದ್ದರು, ಅದನ್ನು ಓದಿ ಅಕ್ಕ ಫೋನ್ ಮಾಡಿದಳು. ಬಿಗಿಯಾದ್ರೆ ಹೊಲಿಗೆ ಬಿಚ್ಬೇಕು ಕಣೋ, ಮಗುಗೆ ಉಸಿರು ಹಿಡ್ಕೋ ಅನ್ನೋದಲ್ಲ. ಅವಳಿಗೇನು ಗೊತ್ತು, ರೈಲೆಂದರೆ ಚಡ್ಡಿಯೇ — ಆದರೂ ಆ ಚಡ್ಡಿ, ಶಾಲೆಯ ಖಾಕಿ ಚಡ್ಡಿ, ಅಂಚನ್ನು ಒಳಗೆ ದಂಡಿಯಾಗಿ ಮಡಚಿ ಹೊಲಿಯುತ್ತಿದ್ದಳು, ಅವನು ಉದ್ದವಾದ ಹಾಗೆ ಬಿಚ್ಚಿ ಇಳಿಸುತ್ತಿದ್ದಳು, ಬಿಚ್ಚಿದಲ್ಲೆಲ್ಲ ಬಣ್ಣ ಮಾಸದ ಹೊಸ ಪಟ್ಟಿ, ಹುಡುಗರೆಲ್ಲ ಆಡಿಕೊಳ್ಳುತ್ತಿದ್ದರು, ಅವಮಾನಕ್ಕೆ ಸಾಯುವಂತಾಗುತ್ತಿತ್ತು. ಈಗ ಅವನ ಅಂಗಿಗಳಲ್ಲಿ ಒಳಗೆ ಮಡಚಿದ ಬಟ್ಟೆ ಎಂಬುದೇ ಇಲ್ಲ.

ಸಂದಿಯಲ್ಲಿ ಸೈಕಲ್ಲು ಹೋಗಿ ಹೆಂಗಸೊಬ್ಬಳ ಪಾದ ಬಂತು, ಅಕ್ಕನದಲ್ಲ, ಅಕ್ಕನ ಪಾದ ಊದಿಕೊಂಡಿದೆ, ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದ ಪಾದ, ಯಾವ ಚಪ್ಪಲಿಯೂ ಹಿಡಿಸದೆ ಗಂಡಸರ ನೀಲಿ ಕ್ಯಾನ್ವಾಸ್ ಶೂ, ದಾರ ಕಿತ್ತು ಬಿಸಾಡಿದ್ದು. ಆ ಶೂ ಹಾಕಿಕೊಂಡೇ ಅವನ ಆಫೀಸಿನ ಸಮಾರಂಭಕ್ಕೆ ಬಂದುಬಿಟ್ಟಿದ್ದಳು, ನಮ್ಮ ಮನೆ ಟೈಲರು ಎಂದು ಯಾರಿಗೋ ಹೇಳಿದ್ದ, ಸುಳ್ಳೇನಲ್ಲ. ನಿನ್ ಜೊತೆ ಇರ್ತೀನಿ ಕಣೋ, ಕಣ್ಣು ಮಂಜಾಗ್ತಿದೆ, ಸೂಜಿಗೆ ದಾರ ಪೋಣಿಸೋಕಾಗಲ್ಲ. ತಡಿ ಅಕ್ಕ, ಮಹಡಿ ಕೋಣೆ ಖಾಲಿ ಆಗ್ಲಿ. ಮಹಡಿ ಕೋಣೆಯ ತುಂಬ ಕಂಪನಿ ಕೊಟ್ಟ ಫಲಕಗಳು, ದಕ್ಷತೆಗೆ ಒಂದು, ವೇಗಕ್ಕೆ ಒಂದು. ತಡಿ ಅಕ್ಕ, ತಡಿ ಅಕ್ಕ, ಅವಳನ್ನು ಪಕ್ಕದ ಹಳಿಗೆ ತಳ್ಳಿ ಸಿಗ್ನಲ್ ಕೊಡದೆ ನಿಲ್ಲಿಸಿದ್ದ, ಅವಳ ಪಕ್ಕದಿಂದ ಎಲ್ಲವೂ ಹಾದುಹೋದವು. ನಿನ್ನೆ ತಾನೇ ಕೈಯಾರೆ ಫಲಕಗಳನ್ನೆಲ್ಲ ಗ್ಯಾರೇಜಿಗೆ ಸಾಗಿಸಿ ಮಂಚ ಹಾಕಿಸಿದ, ಹೊಸ ಹಾಸಿಗೆ, ಕಿಟಕಿ ಪಕ್ಕ ಅವಳ ಯಂತ್ರಕ್ಕೆ ಜಾಗ, ಇದನ್ನು ಅವಳಿಗೆ ಹೇಳಿರಲಿಲ್ಲ, ಎದುರಿಗೇ ಹೇಳೋಣವೆಂದು. ಹೇಳಬೇಕು, ಅವಳು ಇಳಿಯಬೇಕು, ಅವಳು ಬೇಕು.

ಕಿಟಕಿಯ ಪಕ್ಕ ಯಾರೋ ಹಾದರು, ಬದಲಿ ಡ್ರೈವರ್, ಡಬ್ಬಿ ಕಂಕುಳಲ್ಲಿ, ಸಾಹೇಬನನ್ನು ನೋಡಿದ, ಬೋರ್ಡನ್ನು ನೋಡಿದ, ಉಗಿದ, ಬಗ್ಗಿದ, ಗಾಡಿಯ ಕೆಳಗೆ ಮಾಯವಾದ. ಎಷ್ಟು ಸೊಕ್ಕು, ನಾಳೆ ಬೆಳಿಗ್ಗೆಯೇ ಮನೆಗೆ ಕಳಿಸುತ್ತೇನೆ ಇವನನ್ನ — ಹೋಗಲಿ, ಹೋಗಿ ಆ ಗಾಡಿ ಎಳೆಯಲಿ, ದೇವರೇ, ಬೇಗ ಎಳೆಯಲಿ. ನಿಮಿಷಗಳು ಹೋದವು, ಗಾಡಿ ಅಲುಗಲಿಲ್ಲ, ಅಕ್ಕನಿಗೆ ಫೋನ್ ಹಚ್ಚಿದ. ಎಲ್ಲಿದ್ದೀಯೋ ಗುಂಡ. ಇಲ್ಲೇ ಅಕ್ಕ, ಗೇಟ್ ಹತ್ರ, ಗೇಟ್ ಹಾಕ್ಬಿಟ್ಟಿದೆ. ಯಾರ ಗಾಡಿ ಕಣೋ ಅಡ್ಡ ನಿಂತಿರೋದು. ಯಾವುದೋ ಗೂಡ್ಸು, ನಂಗೇನ್ ಗೊತ್ತು ಅಕ್ಕ. ಅವಳ ಉಸಿರು ಕೇಳಿಸಿತು, ನಡೆಯುವ ಉಸಿರು, ನಡುವೆ ಜನರ ಗದ್ದಲ, ಸಂದಿಗೆ ನೀಲಿ ಬಂತು, ನೀಲಿ ಕ್ಯಾನ್ವಾಸ್ ಶೂ, ದಾರವಿಲ್ಲದ್ದು, ಒಂದು, ಪಕ್ಕದಲ್ಲಿ ಇನ್ನೊಂದು. ಮಂಜು ಕಣ್ಣು ಅಂತೀನಿ, ಆದ್ರೂ ವ್ಯಾಗನ್ ಮೇಲೆ ನಿನ್ ಕಂಪನಿ ಹೆಸರು ಓದೋಕಾಗತ್ತೆ ಕಣೋ, ಅಷ್ಟು ದೊಡ್ಡದಾಗಿ ಬರೆಸಿದ್ದೀಯ. ಫೋನ್ ಕಟ್ ಮಾಡಿದಳು.

ಅವನು ಬಾಗಿಲು ತಳ್ಳಿ ಇಳಿದ, ಸಾರ್ ಪ್ಯಾಂಟು ಎಂದ ಡ್ರೈವರ್, ನಿನ್ನ ತಲೆ, ಗೇಟಿನ ಕಂಬಿಯ ಕೆಳಗೆ ಹೊಟ್ಟೆ ತುರುಕಿದ, ಬೋರ್ಡಿನ ಬುಡದಲ್ಲಿ ಮಂಡಿಯೂರಿದ, ಜಲ್ಲಿ ಚುಚ್ಚಿತು, ಅಕ್ಕಾ ಮಂಚ ಹಾಕ್ಸಿದ್ದೀನಿ ಕಣೇ ಎಂದು ಕೂಗಿದ, ಆಗ ಮುಂದೆಲ್ಲೋ ಯಾರ್ಡಿನಲ್ಲಿ ಇಂಜಿನ್ ಗುಟುರು ಹಾಕಿತು, ಕೊಂಡಿಗಳು ಒಂದಾದ ಮೇಲೊಂದು ಬಿಗಿಯುತ್ತ ಢಣ ಢಣ ಬಂದವು, ಗಾಡಿ, ಅವನ ಗಾಡಿ, ಕೊನೆಗೂ, ಸರಿಯಿತು. ಉದ್ದ, ಎಷ್ಟು ಉದ್ದ, ಯಾರು ಇಷ್ಟು ಉದ್ದ ಮಾಡಿದ್ದು, ಚಕ್ರ ಬಂತು, ಚಕ್ರ ಹೋಯಿತು, ಸಂದಿಯಲ್ಲಿ ನೀಲಿ ಶೂ, ತುದಿ ಇತ್ತ ಕಡೆಗೆ, ಚಕ್ರ, ಆಚೆ ಪ್ಯಾಸೆಂಜರ್ ಗಾಡಿಯ ಸೀಟಿ, ಸಂದಿಯಲ್ಲಿ ನೀಲಿ ಶೂ, ಚಕ್ರ, ಸಂದಿಯಲ್ಲಿ ಹಿಮ್ಮಡಿ, ಸವೆದ ಹಿಮ್ಮಡಿ, ಚಕ್ರ, ದೂರದಲ್ಲಿ ಹಿಮ್ಮಡಿ, ಚಕ್ರ, ನೀಲಿ, ಚಕ್ರ, ಹಿಮ್ಮಡಿ, ಚಕ್ರ, ರಸ್ತೆ, ಚಕ್ರ, ರಸ್ತೆ.