ಕತ್ತರಿ ಕೇಳಿಸುತ್ತಿಲ್ಲ

"ಇಲ್ಲ ಕಣೋ, ಕತ್ತರಿ ಕೇಳಿಸ್ತಿಲ್ಲ" ಎಂದು ದರ್ಜಿಯವರು ಮತ್ತೆ ತಲೆಯಾಡಿಸಿದರು.

ಗೋಡೆಗೂ ಮೇಜಿಗೂ ನಡುವೆ ನುಸುಳಿ ವೈರು ಬಿಗಿಯುತ್ತಿದ್ದ ಮಗ ತಲೆ ಹೊರಗೆ ಹಾಕಿದ. ಹೊಸ ಸ್ಪೀಕರುಗಳು ಬಂದಾಗಿನಿಂದ ಅವನಿಗೆ ಇದೇ ಕೆಲಸವಾಗಿತ್ತು. ಧ್ವನಿಯೇನೋ ದಪ್ಪವಾಗಿ ತುಂಬಿ ಬರುತ್ತಿತ್ತು. ಆದರೆ ಯಾರೋ ಕಂಬಳಿ ಹೊದ್ದು ಮಲಗಿಕೊಂಡೇ ಹಾಡಿದ ಹಾಗೆ.

ಹಾಡುತ್ತಿದ್ದವರು ದರ್ಜಿಯವರ ಹೆಂಡತಿ. ಬಟ್ಟೆ ಕತ್ತರಿಸುವುದು ಆಕೆ, ಹೊಲಿಯುವುದು ಇವರು. ಮದುವೆಯಾದಾಗಿನಿಂದ ಅಂಗಡಿ ನಡೆದದ್ದೇ ಹಾಗೆ. ಕೈಗೆ ಕತ್ತರಿ ಬಂದರೆ ಆಕೆಯ ಬಾಯಿಗೆ ದೇವರ ಹಾಡು ತಾನಾಗಿ ಬರುತ್ತಿತ್ತು. ಕತ್ತರಿಯೇ ತಾಳ. ಒಂದು ಸಂಜೆ ಸೊಸೆ ಅದನ್ನು ಆಕೆಗೆ ಗೊತ್ತಾಗದ ಹಾಗೆ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಆಕೆ ದೇವರ ಪಾದ ಸೇರಿದ ಮೇಲೆ ಮನೆಗೆ ಉಳಿದದ್ದು ಅದೊಂದೇ ದನಿ. ಅಪ್ಪ ಅದನ್ನು ಮನಸಾರೆ ಕೇಳಲಿ ಎಂದೇ ಮಗ ಸ್ಪೀಕರು ತಂದಿದ್ದ.

"ಚೂಪು ದನಿ ಬರಲಿ ಅಂತ ಟ್ರೆಬಲ್ ಪೂರ್ತಿ ಏರಿಸಿದೀನಪ್ಪ. ನಂಗೆ ಸಣ್ಣಗೆ ಏನೋ ಕೇಳ್ತಿದೆ."

"ನಂಗೆ ಏನೂ ಇಲ್ಲ."

ಮಗ ಸ್ಪೀಕರುಗಳನ್ನು ಎರಡು ಸ್ಟೂಲಿನ ಮೇಲೇರಿಸಿ ಅಪ್ಪನ ಕಿವಿಯ ಮಟ್ಟಕ್ಕೆ ತಂದ. ಮುಖ ಇತ್ತ ತಿರುಗಿಸಿದ. ಗೋಡೆಯಿಂದ ಮುಂದಕ್ಕೆಳೆದ. ಕೊನೆಗೆ ಮೆಲ್ಲಗೆ, "ನಾಳೆ ಹೋಗಿ ಕಿವಿ ಒಂದ್ಸಲ ತೋರಿಸ್ಕೊಂಡು ಬರೋಣ್ವಾ?" ಎಂದ.

ಅದೇ ಭಯ ದರ್ಜಿಯವರ ಎದೆಯಲ್ಲೂ ಕೂತಿತ್ತು. ಮೊದಲು ಫೋನಿನಲ್ಲಿ ಕೇಳಿದಾಗ ಕತ್ತರಿ ಕಿವಿಯ ಪಕ್ಕದಲ್ಲೇ ಆಡಿದಂತಿತ್ತು. ಈಗ ಕೇಳದಿದ್ದರೆ ಕೆಟ್ಟಿರುವುದು ಸ್ಪೀಕರೋ, ಕಿವಿಯೋ? ಫೋನಿನಲ್ಲೇ ಇನ್ನೊಮ್ಮೆ ಕೇಳಿ ನೋಡಬಹುದಿತ್ತು. ಅದಕ್ಕೂ ಧೈರ್ಯ ಬಂದಿರಲಿಲ್ಲ. ದೇವರೇ, ಕಣ್ಣು ಬೇಕಾದರೆ ತಗೋ, ಸೂಜಿಗೆ ದಾರ ಸೊಸೆ ಪೋಣಿಸಿಕೊಡುತ್ತಾಳೆ; ಇದೊಂದನ್ನು ಬಿಡು ಎಂದು ಒಳಗೊಳಗೇ ಬೇಡಿಕೊಂಡರು.

ಸೊಸೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಅವರ ಕಿವಿಗೇನಾಗಿದೆ ರೀ? ಮೊನ್ನೆ ನಾನು ಡಬ್ಬದ ಮುಚ್ಚಳ ತೆಗೆದಿದ್ದು ಕೇಳಿಸ್ಕೊಂಡು ರೂಮಿಂದ ಎದ್ದು ಬಂದ್ರು. ಮಾವ, ಇಲ್ಲಿ ಕೊಡಿ ಕಿವಿ." ಅವರು ಬೇಡವೆನ್ನುವಷ್ಟರಲ್ಲಿ ಫೋನನ್ನು ಕಿವಿಗೆ ಹಿಡಿದೇಬಿಟ್ಟಳು.

ಕಚ್, ಕಚ್, ಕಚಕ್.

ದರ್ಜಿಯವರ ಮುಖ ಅರಳಿತು. "ಕೇಳ್ತು! ನೋಡು, ತೋಳಿನ ತಿರುವು ಕತ್ತರಿಸ್ತಿದಾಳೆ, ಅದಕ್ಕೇ ನಿಧಾನ!"

"ಹಾಗಾದ್ರೆ ಸ್ಪೀಕರೇ ದಂಡ" ಎಂದು ಮಗ ಸಿಟ್ಟಿನಿಂದ ಖಾಲಿ ಪೆಟ್ಟಿಗೆ ಎಳೆದ. "ವಾಪಸ್ ಕೊಡ್ತೀನಿ. ಮುಂದೆ ಬಟ್ಟೆ ಮಾತ್ರ ಏನ್ ಚೆನ್ನಾಗಿ ಹೊದಿಸಿದಾರೆ ನೋಡಿ, ಕಂಪನಿಯೋರು ಫಿನಿಶಿಂಗಲ್ಲೇ ಮೋಸ ಮಾಡೋದು." ಹೀಗೆನ್ನುತ್ತ ಪೆಟ್ಟಿಗೆಯೊಳಗೆ ಕೈ ಹಾಕಿದವನು ಎರಡು ತೆಳು ಚೌಕಟ್ಟುಗಳನ್ನು ಹೊರತೆಗೆದ. ಅವುಗಳ ಮೇಲೆ ಗಾಳಿ ಹಾಯುವಂಥ ಜಾಳು ಬಟ್ಟೆ. "ಇದೇನಪ್ಪ ಇದು?"

"ಅದಾ? ಅದು ಸ್ಪೀಕರ್ ಜೊತೆ ಬಂದಿದ್ದು. ಸೊಳ್ಳೆ ಪರದೆ ಥರ ಇತ್ತು, ಧೂಳು ಒಳಗೆ ಹೋಗಲ್ವಾ? ನೀವಿಬ್ರೂ ಕೆಲಸಕ್ಕೆ ಹೋಗಿದ್ರಲ್ಲ, ಆವಾಗ ಕಿತ್ತಿಟ್ಟೆ."

"ಹಾಗಾದ್ರೆ ಈಗಿರೋದು?"

"ಕೋಟಿನ ಬಟ್ಟೆ." ದರ್ಜಿಯವರ ದನಿಯಲ್ಲಿ ಹೆಮ್ಮೆ ಮುಚ್ಚಿಡಲಾಗಲಿಲ್ಲ. "ಕಂಪನಿ ಫಿನಿಶಿಂಗ್ ಅಂದ್ಕೊಂಡ್ಯಲ್ಲ ನೀನು, ಅದಕ್ಕೇ ಸುಮ್ನಿದ್ದೆ."

"ಒಳಗೆ?"

"ಒಳಗೆ... ದಪ್ಪ ಕ್ಯಾನ್ವಾಸು. ಆಮೇಲೆ ಲೈನಿಂಗು."

ಮಗ ನೆಲದ ಮೇಲೇ ಕೂತುಬಿಟ್ಟ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೂ ನಗು ಹೊರಗೆ ಬಂತು. "ಅತ್ತೆ ಹೇಳೋರು, ನಿಮ್ಮ ಮಾವ ಕರ್ಚೀಫಿಗೂ ಲೈನಿಂಗ್ ಹಾಕೋ ಪೈಕಿ ಅಂತ!"

"ಅವಳು ಹಾಗೆ ಅಂತಿದ್ಲಾ?"

"ದಿನಾ!"

ಹೊದಿಕೆಯನ್ನು ಹಿಂಬದಿಯಲ್ಲಿ ಬಿಗಿಯಾಗಿ ಹೊಲಿದಿದ್ದರು, ಬಿಚ್ಚದೆ ಬರುವಂತಿರಲಿಲ್ಲ. ತಾವು ಹಾಕಿದ ಹೊಲಿಗೆಯನ್ನು ದರ್ಜಿಯವರು ಎಂದೂ ಬಿಚ್ಚಿದವರಲ್ಲ. ತಪ್ಪಿದ್ದರೆ ಹೆಂಡತಿಯೇ ಹಿಂದೆ ಕೂತು ಬಿಚ್ಚಿ, ಏನೂ ಆಗದವಳಂತೆ ಬಟ್ಟೆಯನ್ನು ಮತ್ತೆ ಮಷೀನಿನ ಮೇಲಿಡುತ್ತಿದ್ದಳು. ಅವರು ಕನ್ನಡಕ ಹಾಕಿಕೊಂಡು, ಬ್ಲೇಡಿನ ತುಂಡು ಹಿಡಿದು, ಒಂದೊಂದೇ ಹೊಲಿಗೆ ಬಿಡಿಸಿದರು. ಮಗ ಜಾಳು ಬಟ್ಟೆಯ ಚೌಕಟ್ಟುಗಳನ್ನು ಒತ್ತಿ ಕೂರಿಸಿ ಹಾಡು ಹಾಕಿದ.

ಕಂಬಳಿ ಸರಿದು ಆಕೆ ಎದ್ದು ಕೂತಂತಾಯಿತು. ಉಸಿರು, ಬಳೆ, ಮೇಜಿನ ಮೇಲೆ ಬಟ್ಟೆ ಎಳೆದ ಸರಸರ, ಅದರ ಮೇಲೆ ಕತ್ತರಿ.

"ಟ್ರೆಬಲ್ ಸ್ವಲ್ಪ ಇಳಿಸೋ" ಎಂದರು ದರ್ಜಿಯವರು. "ಅವಳು ಅಷ್ಟು ಜೋರಾಗಿ ಯಾವತ್ತೂ ಕತ್ತರಿಸ್ತಿರಲಿಲ್ಲ."

ಮಗ ನಗುತ್ತ ಗುಂಡಿ ತಿರುಗಿಸಿ, ಖಾಲಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಲು ಹೋದ. ಸೊಸೆ ಒಲೆಯ ಬಳಿಗೆ ಮರಳಿದಳು.

ಹಾಡಿನ ಕೊನೆಯ ಸಾಲು ಅಡುಗೆಮನೆಗೂ ಸ್ಪಷ್ಟವಾಗಿ ಕೇಳಿ ನಿಂತಿತು. ಕತ್ತರಿ ಮಾತ್ರ ನಿಲ್ಲಲಿಲ್ಲ. ಸೊಸೆ ಸೌಟು ಹಿಡಿದೇ ಬಾಗಿಲಿಗೆ ಬಂದು ಇಣುಕಿದಳು. ಇಷ್ಟು ದಿನ ಮೊಳೆಗೆ ತೂಗುಹಾಕಿದ್ದ ಅತ್ತೆಯ ಕತ್ತರಿ ಮಾವನ ಕೈಯಲ್ಲಿತ್ತು. ಕಿಟಕಿಯ ಬೆಳಕಿಗೆ ಬೆನ್ನು ಹಾಕಿ, ಬಿಚ್ಚಿದ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿಕೊಂಡು, ಅವರು ತಿರುವಿನಲ್ಲಿ ನಿಧಾನವಾಗಿ ಕತ್ತರಿಸುತ್ತಿದ್ದರು.