ಚಿಕ್ಕಯ್ಯನವರ ತೇವದ ಪೆಟ್ಟಿಗೆ

ಚಿಕ್ಕಯ್ಯನವರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ಕೇಳಿದವರು ಕೃಷ್ಣಮೂರ್ತಿಪುರದಲ್ಲಿ ಯಾರೂ ಇರಲಿಲ್ಲ. ದಾರಿ ವಿಚಾರಿಸಿದ ಅಪರಿಚಿತನಿಗೂ, ರೇಡಿಯೊ ರಿಪೇರಿಯ ಸಾಮಾನು ಹೊತ್ತು ಹೊತ್ತು ಒಂದು ಕಡೆ ಜಗ್ಗಿದ ಎಡಭುಜವನ್ನು ನೆಟ್ಟಗೆ ಮಾಡಿಕೊಂಡು, ತಿಳಿದಿರಲಿ ಬಿಡಲಿ, ಒಂದು ದಿಕ್ಕಿಗೆ ಕೈ ತೋರಿಸಿಯೇ ಕಳಿಸುವವರು. ಕಾಲೇಜಿನ ಮೆಟ್ಟಿಲು ಹತ್ತದೆ, ಕೆಟ್ಟದ್ದನ್ನು ಬಿಚ್ಚಿ ಬಿಚ್ಚಿಯೇ ವಿದ್ಯೆ ಸಂಪಾದಿಸಿದ ಜೀವ. ಓದಿದವರೆದುರು ಒಮ್ಮೆ ತಡವರಿಸಿದರೆ ಕಲಿತದ್ದೆಲ್ಲ ಕೈಬಿಟ್ಟುಹೋದೀತೆಂಬ ಅಂಜಿಕೆ ಆ ಮಾಸಿದ ಖಾಕಿ ಕೋಟಿನೊಳಗೆ ಸದಾ ಮಿಡಿಯುತ್ತಿತ್ತು.

ಹೂಟಗಳ್ಳಿಯಾಚೆ ಮಂಗಳಮ್ಮನವರ ಸೀಬೆ ತೋಟದಲ್ಲಿ, ಚಿಕ್ಕಯ್ಯ ತಾವೇ ವಿನ್ಯಾಸ ಮಾಡಿದ ಹನ್ನೆರಡು ಸೆನ್ಸರ್‌ಗಳನ್ನು ಗಿಡಗಳ ಬುಡದಲ್ಲಿ ನೆಟ್ಟರು. ಬೇರಿನ ಬಳಿಯ ತೇವವನ್ನು ಅಳೆದು, ತಂತಿಯ ಹಂಗಿಲ್ಲದೆ, ಪಂಪ್‌ಮನೆಯ ಪೆಟ್ಟಿಗೆಗೆ ತಿಳಿಸುವುದು ಅವುಗಳ ಕೆಲಸ. ನೆಟ್ಟದ್ದು ಗಿಡಗಳ ರೆಂಬೆ ಸವರಿದ ವಾರ. ಬೋಳು ಕೊಂಬೆಗಳ ನಡುವೆ ಸಿಗ್ನಲ್ ಸಲೀಸಾಗಿ ಬಂತು. ಎಂದಾದರೂ ತಪ್ಪಿದರೆ ಪರದೆ ಖಾಲಿ ಕಾಣಬಾರದೆಂದು, ಹಿಂದಿನ ಅಂಕಿಯನ್ನೇ ತೋರಿಸುವಂತೆ ಪೆಟ್ಟಿಗೆಯ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಿಟ್ಟರು. ಕೇಳಿದಾಗ ಬಾಯಿ ಕಟ್ಟಿ ನಿಲ್ಲುವ ಯಂತ್ರವೆಂದರೆ ಅವರಿಗೆ ನಾಚಿಕೆ.

ಚಿಗುರು ಬಲಿತು ಒತ್ತೊತ್ತಾಗಿ ಎಲೆಯಾಯಿತು. ನೀರು ತುಂಬಿದ ಆ ಹಸಿರು ಗೋಡೆಯನ್ನು ದಾಟಲಾರದೆ ಸಿಗ್ನಲ್ ನಿಂತುಹೋಯಿತು. ಪೆಟ್ಟಿಗೆ ಮಾತ್ರ ಹನ್ನೆರಡರ ಸರಾಸರಿಯಾಗಿ ಕೊನೆಗೆ ಬಂದ ಮೂವತ್ತನಾಲ್ಕನ್ನೇ ತೋರಿಸುತ್ತಿತ್ತು. ನೀರು ಬೇಡವೆನ್ನುವ ಅಂಕಿ ಅದು.

ಮಂಗಳಮ್ಮ ಫೋನ್ ಮಾಡಿದರು. “ಪೆಟ್ಗೇಲಿ ಮೂವತ್ನಾಲ್ಕೇ ಅದೆ, ಮಣ್ಣು ನೋಡುದ್ರೆ ಬಿರುಕು ಬುಟ್ಟದೆ ಕಣಣ್ಣ, ನೀರು ಬುಡ್ಲಾ?”

“ಮೇಲ್ಗಡೆ ಅಂಗೇ ಕಾಣ್ತದೆ ಕಣಮ್ಮ, ಬೇರ್ ತಾವ ತೇವ ಅದೆ. ನಿನ್ ಕಣ್ಗಿಂತ ನನ್ ಪೆಟ್ಗೆ ಚುರುಕು!” ಎಂದು ಚಿಕ್ಕಯ್ಯ ನಕ್ಕರು.

ಸಿಗ್ನಲ್ ನಿಂತ ಹದಿನೇಳನೆಯ ದಿನ ಕರೆ ಬಂತೆಂದು ಹೋದರೆ, ಮಂಗಳಮ್ಮ ಉದುರಿದ ಹೀಚುಗಳನ್ನು ಸೆರಗಿನಲ್ಲಿ ತಂದು ಪೆಟ್ಟಿಗೆಯ ಮುಂದೆ ಸುರಿದರು. “ಒಂದ್ ಗಿಡದಾಗೂ ನಿಂತಿಲ್ಲ. ಯಾಕಣ್ಣ ಇಂಗಾಯ್ತು?”

ಚಿಕ್ಕಯ್ಯ ಹಿಂದಿನ ದಿನಗಳ ಅಂಕಿಗಳನ್ನು ತೆಗೆದು ನೋಡಿದರು. ಹದಿನೇಳು ದಿನವೂ ಮೂವತ್ತನಾಲ್ಕು, ಏರಿಲ್ಲ, ಇಳಿದಿಲ್ಲ. ತಾವೇ ಬರೆದಿಟ್ಟ ಆ ಒಂದು ಸಾಲು ಕಣ್ಣಿಗೆ ಕಟ್ಟಿತು. ಪರದೆ ಆರಿಸಿ, ಕೋಟಿನ ಗುಂಡಿ ಹಾಕಿಕೊಂಡರು.

“ಗೊತ್ತಿಲ್ಲ ಕಣಮ್ಮ.”

ಎಪ್ಪತ್ತು ವರ್ಷ ನಾಲಿಗೆಗೆ ಬಾರದಿದ್ದ ಮಾತು, ಎಲ್ಲವೂ ಗೊತ್ತಿದ್ದ ದಿನ ಬಂತು.

“ನಿಮ್ಗೇ ಗೊತ್ತಿಲ್ಲ ಅಂದ್ರೆ, ನಮ್ ಮಣ್ಣೇ ಸರಿ ಇಲ್ಲ ಬುಡಿ ಅಣ್ಣ,” ಎಂದು ಮಂಗಳಮ್ಮ ಹೀಚುಗಳನ್ನು ಮತ್ತೆ ಸೆರಗಿಗೆ ಬಳಿದುಕೊಂಡರು. ಚಿಕ್ಕಯ್ಯ ತಡೆಯಲಿಲ್ಲ.

ಗುರುವಿಲ್ಲದೆ ಕಲಿತವರ ಪಾಡೇ ಇಷ್ಟು. ತಿಳಿಯದೆಂದು ಒಪ್ಪಿಕೊಳ್ಳುವುದನ್ನು ಎಳೆತನದಲ್ಲೇ ಯಾರಾದರೊಬ್ಬರ ಮುಂದೆ ಅಭ್ಯಾಸ ಮಾಡಿರಬೇಕು. ಆ ಭಾಗ್ಯವಿಲ್ಲದವರು ತಮ್ಮ ವಿದ್ಯೆಗೆ ತಾವೇ ಕಾವಲು ಕೂತು ಆಯುಷ್ಯ ಕಳೆಯುತ್ತಾರೆ. ಒಣಗುವುದು ಮಾತ್ರ ಅವರನ್ನು ನಂಬಿದವರ ತೋಟ.