ಹುಚ್ಚವ್ವ ಮೈ ಕೊಡವಲಿಲ್ಲ

ಬೇವೂರಿನ ಹೆಂಗಸರು ಬಾವಿಕಟ್ಟಿ ಮ್ಯಾಲೆ ಕೂಡಿದ್ರ ಸಾಕು, ಹುಚ್ಚವ್ವನ ಗಂಡನ್ನ ಹೊಗಳೋರು. "ಬಂಗಾರದಂಥ ಗಂಡ ಬಿಡವ್ವಾ ನಿಂದು!" ಸುಳ್ಳೇನಲ್ಲ. ಎಂಬತ್ಮೂರನೇ ಇಸವಿ ಬ್ಯಾಸಗ್ಯಾಗ ಹುಚ್ಚವ್ವನ ಅಂಡಾಶಯದಾಗ ಕ್ಯಾನ್ಸರ್ ಗಡ್ಡಿ ಐತಿ ಅಂತ ಗೊತ್ತಾದಾಗ, ಮಾಳಪ್ಪ ಅರ್ಧ ಕುರಿಹಿಂಡು ಮಾರಿ ಆಕೀನ್ನ ಹುಬ್ಬಳ್ಳಿಗೆ ಒಯ್ದ. ಅಲ್ಲಿ ಎರಡೂ ಅಂಡಾಶಯ, ಜೋಡಿಗೆ ಗರ್ಭಚೀಲ ತಗದ್ರು. ಆಮ್ಯಾಲೆ ಸಲಾಯಿನ್ನಿನಾಗ ಔಷಧ ಏರಿಸಿದ್ರು. ಕೂದಲ ಉದುರಿತು, ಮತ್ತ ಬಂತು. ಊರಿಗೆ ಬಂದ ಮ್ಯಾಲೆ ಮಾಳಪ್ಪ ಆಕೀಗೆ ಒಂದು ಕೊಡ ಎತ್ತಗೊಡಲಿಲ್ಲ. ನೀರು ತಾನ ತಂದ, ರೊಟ್ಟಿ ಬಡಿಯೂದು ಸೈತ ಕಲ್ತ. ಆ ರೊಟ್ಟಿ ಕೆರದ ಅಟ್ಟಿಯಂಗ ಇರ್ತಿದ್ವು, ಅದು ಬ್ಯಾರೆ ಮಾತು.

ಬಾವಿಕಟ್ಟಿ ಹೆಂಗಸರಿಗೆ ಗೊತ್ತಿಲ್ಲದ್ದು ಒಂದಿತ್ತು. ಈ ಬಂಗಾರದ ಗಂಡ ದವಾಖಾನಿಯಿಂದ ಬಂದಾಗಿನಿಂದ ಹೆಂಡ್ತಿ ಹಂತ್ಯಾಕ ಮಲಗಿರಲಿಲ್ಲ. ಮದುವ್ಯಾದಾಗಿಂದ ಒಂದ ಕಂಬಳ್ಯಾಗ ಮಲಗಿದ ಜೋಡಿ. ಈಗ ಅಂವ ಬ್ಯಾರೆ ಕಂಬಳಿ ಹೆಗಲಿಗೆ ಹಾಕ್ಕೊಂಡು ಕುರಿಹಟ್ಟಿಗೆ ಹೋಗಾಂವ.

ಮೊದಲ ಹುಚ್ಚವ್ವ, ಹೊಲಿಗಿ ಇನ್ನೂ ಹಸಿ ಅದಾವು, ಅದಕ್ಕ ಹೆದರ್ಯಾನ ಅಂದ್ಕೊಂಡ್ಲು. ಹೊಲಿಗಿ ಮಾಗಿದ್ವು. ಒಂದು ವರ್ಷ ದಾಟಿತು. ಒಂದಿನ ರೊಟ್ಟಿ ನೀಡೋ ಮುಂದ ಆಕೀ ಬೇಕಂತ ಅಂವನ ಕೈ ಹಿಡದ್ಲು. ಕಾದ ಹಂಚು ಮುಟ್ಟಿದಂಗ ಅಂವ ಕೈ ಎಳಕೊಂಡ. ಅವತ್ತು ಆಕೀಗೆ ಖಾತ್ರಿ ಆತು: ಇವಂಗ ನನ್ನ ಕಂಡ್ರ ಹೇಸಿಕಿ. ಬರೇ ಹೊಟ್ಟಿ ಖಾಲಿ ಆಗಿಲ್ಲ, ನಾನೂ ಇವನ ಲೆಕ್ಕದಾಗ ಖಾಲಿ.

ಆಕೀಗೆ ಮೂವತ್ತೈದು. ಗಂಡ ಬೇಕು ಅನಸ್ತಿತ್ತು. ಹೌದು, ಅನಸ್ತಿತ್ತು, ಅದ್ರಾಗ ಮುಚ್ಚಿಡೂದೇನು? ಸಾವಿನ ಬಾಯಾಗಿಂದ ಬಂದಾಕೀಗೆ ಬದುಕಿನ ಆಸಿ ಇರೂದಿಲ್ಲೇನು? ಅದರ ಜೋಡಿ ಹೆದರಿಕಿನೂ ಇತ್ತು. ಒಮ್ಮಿಂದೊಮ್ಮೆ ಮೈ ಧಗಧಗ ಉರೀತಿತ್ತು, ಒಳಗ ಒಣಗಿದಂಗ ಅನಸ್ತಿತ್ತು. ನಾನು ಇನ್ನ ಹೆಂಗಸು ಹೌದೋ ಅಲ್ಲೋ? ಯಾರನ್ನ ಕೇಳಬೇಕು?

ಪುಷ್ಯ ಮಾಸದಾಗ ತಪಾಸಣಿಗಂತ ಇಬ್ಬರೂ ಬಾಗಲಕೋಟಿಗೆ ಹೋದ್ರು. ಡಾಕ್ಟರಬಾಯಿ ಹೊಟ್ಟಿ ಒತ್ತಿ ನೋಡಿ, "ಎಲ್ಲಾ ಚಲೋ ಅದ, ಹೋಗು" ಅಂದ್ರು. ಹುಚ್ಚವ್ವ ಬಾಕಿನಿಂದ ಏಳಲಿಲ್ಲ.

"ಮತ್ತೇನವಾ?"

"ಬಾಯಾರ..." ಸೆರಗು ಬಾಯಿಗಿಟ್ಕೊಂಡು ಕೇಳೇಬಿಟ್ಲು. "ಗಂಡ ಹೆಂಡ್ತಿ ಕೂಡಬಹುದೇನ್ರಿ?"

ಡಾಕ್ಟರಬಾಯಿ ನಗಲಿಲ್ಲ, ಬಯ್ಯಲಿಲ್ಲ. "ಯಾಕ ಕೂಡಬಾರದು? ಇದನ್ನ ನಾವ ಹೇಳಿ ಕಳಸಬೇಕಾಗಿತ್ತು. ನೋಡು, ಮೈಯಾಗಿನ ಪಸಿ ಕಾಯ್ತಿದ್ದ ಅಂಡಾಶಯ ತಗದಾರ. ಐವತ್ತರ ಆಸುಪಾಸು ಮುಟ್ಟು ನಿಂತೋರಿಗೆ ಮೆಲ್ಲಕ ಆಗೂದು ನಿನಗ ಒಮ್ಮೆಲೇ ಆಗೇದ. ಅದಕ್ಕ ಮೈ ಉರೀತದ, ಅದಕ್ಕ ಒಳಗ ಒಣಗ್ತದ. ಕೂಡಿದ್ರ ನೋಯಬಹುದು. ಕೊಬ್ಬರಿ ಎಣ್ಣಿ ಹಚ್ಚಿಕೋ. ಗಡಬಡ ಬ್ಯಾಡ. ನೋವಾದ್ರ ನಿಲ್ಲಸ್ರಿ, ಮತ್ತೊಂದು ದಿನ ನೋಡ್ರಿ. ರಕ್ತ ಕಂಡ್ರ ಮಾತ್ರ ನನ್ನ ಕಡೆ ಬಾ. ಗಂಡ ಎಲ್ಲಿ? ಕರಿ ಅವನ್ನ."

ಮಾಳಪ್ಪ ಒಳಗ ಬಂದು ರುಮಾಲು ಕೈಯಾಗ ಹಿಡಕೊಂಡು ನಿಂತ. ಡಾಕ್ಟರಬಾಯಿ ಅವಂಗೂ ಬಿಡಿಸಿ ಹೇಳಿದ್ರು: ಇದು ಅಂಟುಜಾಡ್ಯ ಅಲ್ಲ, ಕೂಡಿದ್ದಕ್ಕ ತಿರುಗಿ ಬರೂದೂ ಇಲ್ಲ. ಅಂವ ನೆಲ ನೋಡ್ಕೋತ "ಹೂನ್ರಿ" ಅಂದ. ಬಸ್ಸಿನಾಗ ಕಿಟಕಿ ಕಡೆ ಮಾರಿ ಮಾಡಿ ಕುಂತ. ಹುಚ್ಚವ್ವನ ಸಿಟ್ಟು ನೆತ್ತಿಗೇರಿತ್ತು. ಬಸ್ಸಿಳಿದು ಹೊಲದ ದಾರಿ ಹಿಡಿದಿದ್ದ ತಡ, ಅಡ್ಡ ನಿಂತ್ಲು.

"ಈಗರೆ ಬಾಯಿ ಬಿಡು. ನನ್ನ ಕಂಡ್ರ ಹೇಸಿಕಿ ಬರ್ತದೇನು?"

ಮಾಳಪ್ಪ ಮಕಮಕ ನೋಡಿದ. "ಹೇಸಿಕಿ? ನಿನ್ನ ಕಂಡ್ರ?" ಅಷ್ಟೊತ್ತಿಗೆ ಆ ಗಟ್ಟಿ ಆಳು ದಳದಳ ಅಳಾಕ ಹತ್ತಿದ. "ನಿನ್ನ ಆಪ್ರೇಶನ್ನಿಗೆ ಒಯ್ದು ಬಾಗಲಾ ಹಾಕಿದ್ರು. ಹೊರಗ ನಾ ಒಬ್ಬಾವ. ಬೀರಪ್ಪಗ ಹರಕಿ ಹೊತ್ತೆ. ಆಕೀನ್ನ ಉಳಸೋ ತಂದೆ, ಸಾಯೂತನಕ ಆಕೀ ಮೈ ಮುಟ್ಟೂದಿಲ್ಲ ಅಂದೆ. ಕುರಿ ಯಾರಾದ್ರೂ ಕೊಡ್ತಾರ. ನನಗ ಅದಕ್ಕಿಂತ ದೊಡ್ಡದು ಇರಲಿಲ್ಲ, ಅದನ್ನ ಬಿಟ್ಟೆ. ನೀ ಉಳದಿ. ಈಗ ಮುಟ್ಟಿದ್ರ ನೀ ಹೋಗ್ತಿ."

"ಡಾಕ್ಟರಬಾಯಿ ಹೇಳಿದ್ದು ಕೇಳಲಿಲ್ಲೇನು?"

"ಅವರಿಗೆ ಬೀರಪ್ಪ ಗೊತ್ತಿಲ್ಲ."

ಹುಚ್ಚವ್ವಗ ಮೊದಲ ಸಂತೋಷ ಆತು. ಹೇಸಿಕಿ ಅಲ್ಲ, ಶಿವನ! ಎದಿ ಮ್ಯಾಲಿನ ಬಂಡಿಗಲ್ಲು ಇಳೀತು. ಅದರ ಬೆನ್ನಿಗೇ ಎಲ್ಲಿಲ್ಲದ ಸಿಟ್ಟು ಬಂತು.

"ಹಿಂಡಿನಾಗಿನ ಕುರಿ ದೇವರಿಗೆ ಬಿಡೋ ಮುಂದ ಏನ್ ಮಾಡ್ತಿ?"

"ಬೆನ್ನಿಗೆ ಭಂಡಾರದ ಅರಿಷಿಣ ಹಚ್ಚಿ ನೀರು ಹಾಕ್ತೀವಿ."

"ಆಮ್ಯಾಲೆ?"

"ಮೈ ಕೊಡವಿದ್ರ ದೇವರು ಒಪ್ಪಿದಂಗ. ಕೊಡವಲಿಲ್ಲಂದ್ರ ಮನಿಗೆ ಹೊಡಕೊಂಡು ಬರ್ತೀವಿ."

"ಕುರೀನ್ನ ಕೇಳ್ತೀರಿ. ನನ್ನ ಕೇಳಿದೇನು? ಬಿಟ್ಟಿದ್ದು ನಿನ್ನೊಬ್ಬಂದಾ? ಅದ್ರಾಗ ಅರ್ಧ ನಂದು. ನಡಿ ಗುಡಿಗೆ!"

ಬೀರಪ್ಪನ ಪೂಜಾರಿ ಹುಲ್ಲಪ್ಪ ಮುದುಕ ಮನಿಶಾ. ಎಲ್ಲಾ ಕೇಳಿ ತಲಿ ಕೆರಕೊಂಡ. "ನಮ್ಮಪ್ಪನ ಕಾಲಕ್ಕೂ ಇಂಥಾ ಪಂಚಾಯ್ತಿ ಬಂದಿಲ್ಲವಾ." ಆದ್ರ ಕುರೀನ್ನ ಕೇಳಿದಂಗ ನನ್ನೂ ಕೇಳ್ರಿ ಅಂತ ಆಕೀ ಅಂದದ್ದರಾಗ ಅವಂಗ ತಪ್ಪು ಸಿಗಲಿಲ್ಲ. ಆಕೀನ್ನ ದೇವರ ಮುಂದ ನಿಂದ್ರಿಸಿದ, ಹೆಗಲಿಗೆ ಭಂಡಾರ ಹಚ್ಚಿದ, ತಂಬಗಿ ಎತ್ತಿ ಬೆನ್ನಿಗೆ ನೀರು ಸುರುವಿದ. "ಬೀರಪ್ಪಾ, ಮಾಳ್ಯಾನ ಹರಕಿ ನಿನಗ ಬೇಕಾದ್ರ ಕೊಡವಸು."

ನೀರು ಹಿಮದಂಗ ಕೊರೀತಿತ್ತು, ಮ್ಯಾಲೆ ಥಂಡಿ ಗಾಳಿ. ಮೈಮ್ಯಾಲಿನ ರೋಮ ಎಲ್ಲಾ ಎದ್ದು ನಿಂತ್ವು. ಹುಚ್ಚವ್ವ ಹಲ್ಲು ಕಚ್ಚಿದ್ಲು, ಮುಷ್ಟಿ ಬಿಗಿ ಹಿಡದ್ಲು. ಮಾಳಪ್ಪ ಉಸಿರು ಹಿಡಕೊಂಡು ಆಕೀ ಹೆಗಲ ನೋಡ್ತಿದ್ದ. ಹುಲ್ಲಪ್ಪ ಇನ್ನೊಂದು ತಂಬಗಿ ಹಾಕಿದ. ಅಂವನೂ ಪಕ್ಕಾ ಪೂಜಾರಿ, ಸುಮ್ನ ಬಿಡ್ತಾನ? ಹುಚ್ಚವ್ವ ಕಣ್ಣು ಪಿಳಕಿಸಲಿಲ್ಲ. ದವಾಖಾನ್ಯಾಗ ಅಷ್ಟು ಸೂಜಿ ತಡಕೊಂಡಾಕೀಗೆ ಎರಡು ತಂಬಗಿ ನೀರು ಯಾವ ಲೆಕ್ಕ?

ಭಾಳೊತ್ತು ಕಾದು ಹುಲ್ಲಪ್ಪ ತಂಬಗಿ ಕೆಳಗಿಟ್ಟ. "ಏ ಮಾಳ್ಯಾ, ದೇವರು ಒಪ್ಪಲಿಲ್ಲೋ. ಹೊಡಕೊಂಡು ಹೋಗು ಮನಿಗೆ! ಕೊಡೂದಿದ್ರ ನಿಂದೊಬ್ಬಂದು ಏನಾರ ಕೊಡು."

ಮಾಳಪ್ಪ ಸೊಂಟದಾಗಿನ ಎಲಿ-ತಂಬಾಕಿನ ಚಂಚಿ ಬಿಚ್ಚಿ ದೇವರ ಮುಂದಿಟ್ಟ. ಮತ್ತ ಜೀವಮಾನದಾಗ ತಂಬಾಕು ಮುಟ್ಟಲಿಲ್ಲ.

ಗುಡಿ ಮೆಟ್ಟಲಾ ಇಳಿದಿದ್ದ ತಡ ಹುಚ್ಚವ್ವ ಗಡಗಡ ನಡುಗಾಕ ಹತ್ತಿದ್ಲು. ಮಾಳಪ್ಪನ ಮಾರಿ ಬಿಳಚಿಕೊಂಡಿತು. "ಇದು ಥಂಡೀಗೆ ಬಂದದ್ದು, ದೇವರ ಲೆಕ್ಕಕ್ಕಿಲ್ಲ" ಅಂದ್ಲು ಆಕೀ. ಅಂವ ತನ್ನ ಕಂಬಳಿ ತಗದು ಆಕೀಗೆ ಹೊಚ್ಚಿದ. ಮನಿ ಬರೂತನಕ ಹೆಗಲ ಮ್ಯಾಲಿನ ಕೈ ತಗೀಲಿಲ್ಲ.

ಒಂದ ಕಂಬಳ್ಯಾಗ ಮಲಗಿದ್ರೇನು, ಎಲ್ಲಾ ಅವತ್ತ ಸರಿಹೋಗಲಿಲ್ಲ. ಮೊದಲಿನ ಸಲ ಕೂಡಿದಾಗ ನೋವಿಗೆ ಹುಚ್ಚವ್ವ "ಅವ್ವಾ" ಅಂದ್ಲು. ಮಾಳಪ್ಪ ಹಾವು ಕಂಡಾವರಂಗ ಹಾರಿ ಆಚೆ ಕುಂತ. ಬೀರಪ್ಪನ್ನ ಕರಕೋತ, ಆಕೀ ಮೂಗಿನ ಮುಂದ ಕೈ ಇಟ್ಟು ಉಸಿರು ನೋಡಾಕ ಹತ್ತಿದ.

ಹುಚ್ಚವ್ವಗ ನಗುನೂ ಬಂತು, ಅಳುನೂ ಬಂತು. ಅಂವನ ಕೈ ಹಿಡದು ತನ್ನ ಎದಿ ಮ್ಯಾಲಿಟ್ಕೊಂಡ್ಲು.

"ಸತ್ತಿಲ್ಲೋ ಮಾರಾಯಾ, ಇದ್ದೀನಿ. ಆ ಎಣ್ಣಿ ಬಾಟ್ಲಿ ಕೊಡಿಲ್ಲಿ."